ಸ್ಟಬ್ ನಿಬ್ಬಿಗೆ ಯಾವ ಪದ? ಮೊಂಡು, ಮೋಟು, ಉಳಿ, ಚಪ್ಪಟೆ

ಇಂಕ್ ಪೆನ್ನಿನ ಸ್ಟಬ್ ನಿಬ್ಬಿಗೆ ಕನ್ನಡದಲ್ಲಿ ಏನನ್ನಬಹುದು ಎಂಬುದು ನನ್ನ ಪ್ರಶ್ನೆ. ಜೊತೆಗೆ, ಲಿಮಿಟೆಡ್ ಎಡಿಷನ್ ಅನ್ನುವುದಕ್ಕೂ ಒಂದು ಒಳ್ಳೆಯ ಮಾತು ಬೇಕಾಗಿದೆ. ಪೆನ್ನಿನ ಹುಚ್ಚಿರುವ ಕೆಲವು ಗೆಳೆಯರು ಟ್ವಿಸ್ಬಿ ಈಕೋ ಪೆನ್ನನ್ನು, ಸ್ವಲ್ಪ ಕಾಲ ಮಾತ್ರ ಸಿಕ್ಕ ಒಂದು ಬಣ್ಣದಲ್ಲಿ, ಸ್ಟಬ್ ನಿಬ್ಬಿನ ಸಮೇತ ಕೊಂಡಿದ್ದಾರೆ. ಅವರ ಅನಿಸಿಕೆಗಳನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಉಳಿದದ್ದೆಲ್ಲ ಸಲೀಸಾಗಿ ಬರುತ್ತದೆ, ಈ ಎರಡು ಕಡೆ ಮಾತ್ರ ಕೈ ನಿಲ್ಲುತ್ತದೆ.

ವಸ್ತು ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಟ್ವಿಸ್ಬಿ ತೈವಾನಿನ ಪೆನ್ನು. ಈಕೋ ಮಾದರಿ ಬಂದದ್ದು 2015ರಲ್ಲಿ. ಮೈಯೆಲ್ಲ ಪಾರದರ್ಶಕ ಪ್ಲಾಸ್ಟಿಕ್. ಒಳಗೆ ಇಂಕು ಎಷ್ಟಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ಹಿಂದಿನ ತಿರುಪನ್ನು ತಿರುಗಿಸಿದರೆ ಪಿಸ್ಟನ್ ಹಿಂದೆ ಸರಿದು ದವತಿಯಿಂದ ಇಂಕನ್ನು ಎಳೆದುಕೊಳ್ಳುತ್ತದೆ. ಪೆನ್ನು ಬಿಚ್ಚಲು ಒಂದು ಪುಟ್ಟ ಸ್ಪಾನರ್, ಪಿಸ್ಟನ್ನಿಗೆ ಹಚ್ಚಲು ಸಿಲಿಕೋನ್ ಗ್ರೀಸ್ ಡಬ್ಬಿಯಲ್ಲೇ ಇರುತ್ತವೆ. ಬಿಚ್ಚಿ ನೋಡು, ತೊಳೆದು ಮತ್ತೆ ಜೋಡಿಸು ಅಂತ ಕೊಟ್ಟ ಹಾಗೆ. ನಿಬ್ಬುಗಳಲ್ಲಿ ಎಕ್ಸ್‌ಟ್ರಾ ಫೈನ್, ಫೈನ್, ಮೀಡಿಯಂ, ಬ್ರಾಡ್ ಇವೆ. ಕೊನೆಯದು 1.1 ಮಿಲಿಮೀಟರ್ ಅಗಲದ ಸ್ಟಬ್. ಚರ್ಚೆ ಇದರದ್ದೇ.

ಸಾಮಾನ್ಯ ನಿಬ್ಬಿನ ತುದಿಯಲ್ಲಿ ಗಟ್ಟಿ ಲೋಹದ ಒಂದು ಪುಟ್ಟ ಗುಂಡು ಇರುತ್ತದೆ. ಅದು ಗುಂಡಗಿರುವುದರಿಂದ ಯಾವ ಕಡೆ ಎಳೆದರೂ ಗೆರೆಯ ದಪ್ಪ ಹೆಚ್ಚುಕಮ್ಮಿ ಒಂದೇ. ಸ್ಟಬ್‌ನ ತುದಿ ಹಾಗಲ್ಲ, ಅಡ್ಡಕ್ಕೆ ಕತ್ತರಿಸಿದಂತೆ ಅಗಲವಾಗಿ ನೇರ ಇರುತ್ತದೆ. ಮೇಲಿನಿಂದ ಕೆಳಕ್ಕೆ ಎಳೆದರೆ ಗೆರೆ ದಪ್ಪ, ಪಕ್ಕಕ್ಕೆ ಎಳೆದರೆ ತೆಳು. ಇಟಾಲಿಕ್ ನಿಬ್ಬೂ ಹೀಗೇ ಬರೆಯುತ್ತದೆ. ಆದರೆ ಅದರ ಅಂಚು ಮತ್ತು ಮೂಲೆಗಳು ಚೂಪು, ಅವಸರದಲ್ಲಿ ಬರೆದರೆ ಕಾಗದಕ್ಕೆ ಸಿಕ್ಕಿಕೊಳ್ಳುತ್ತದೆ. ಸ್ಟಬ್‌ನಲ್ಲಿ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿರುತ್ತಾರೆ. ದಿನದ ಬರವಣಿಗೆಗೆ ಅದು ಒದಗುವುದು ಈ ಕಾರಣಕ್ಕೆ.

ಈಗ ಪದಕ್ಕೆ ಬರೋಣ. ನಿಬ್ಬು ಅನ್ನುವುದನ್ನು ಬದಲಿಸುವ ಮಾತೇ ನನಗಿಲ್ಲ. ತೆಲುಗರು ಪಾಳಿ ಅನ್ನುತ್ತಾರೆ, ತಮಿಳರು ಪೆನ್ನಿನ ಮುಳ್ಳು ಅನ್ನುತ್ತಾರೆ. ನಮಗೆ ಗಡಿಯಾರಕ್ಕೂ ತಕ್ಕಡಿಗೂ ಮುಳ್ಳಿದೆ, ಪೆನ್ನಿಗೆ ಮಾತ್ರ ನಿಬ್ಬು. ಅದು ಉಕಾರ ಸೇರಿಸಿಕೊಂಡು ನಮ್ಮದೇ ಆಗಿದೆ. ಬೇಕಾಗಿರುವುದು ಅದಕ್ಕೆ ಮೊದಲು ಕೂರುವ ಗುಣವಾಚಕ.

ಸ್ಟಬ್ ಅಂದ ಕೂಡಲೇ ಮೊದಲು ನಾಲಿಗೆಗೆ ಬರುವುದು ಮೊಂಡು. ಚಾಕು ಮೊಂಡು, ಕುಡುಗೋಲು ಮೊಂಡು. ಸಮಸ್ಯೆ ಅಲ್ಲೇ ಇದೆ. ಕನ್ನಡದಲ್ಲಿ ಮೊಂಡಾಗುವುದು ಅಂದರೆ ಕೆಟ್ಟಂತೆ. ‘ನಿಬ್ಬು ಮೊಂಡಾಗಿದೆ’ ಅಂದರೆ ಸವೆದಿದೆ, ಬದಲಿಸಬೇಕು ಅಂತಲೇ ಅರ್ಥ. ಹೊಸ ಪೆನ್ನಿಗೆ ದುಡ್ಡು ಕೊಟ್ಟವರ ಮುಂದೆ ಈ ಪದ ಆಡಲು ಮನಸ್ಸು ಬರುವುದಿಲ್ಲ, ಅಲ್ವಾ?

ಮೋಟು ಇದಕ್ಕಿಂತ ಹತ್ತಿರ. ಮೋಟು ಮರ, ಮೋಟುಗೈ, ಮೋಟು ಬೀಡಿ. ತುದಿ ಕತ್ತರಿಸಿ ಹೋದದ್ದು ಅನ್ನುವ ಅರ್ಥ ಇದರಲ್ಲಿ ಸರಿಯಾಗಿ ಇದೆ. ಆದರೆ ಕೇಳಿದವರಿಗೆ ಮೊದಲು ಕಾಣುವುದು ಗಿಡ್ಡತನ, ಅಗಲ ಅಲ್ಲ. ಮೋಟು ಪೆನ್ಸಿಲ್ ಅಂದರೆ ಬರೆದು ಬರೆದು ಬೆರಳಿನಷ್ಟಾದ ಪೆನ್ಸಿಲ್. ಮೋಟು ನಿಬ್ಬು ಅಂದರೆ ಗಿಡ್ಡ ನಿಬ್ಬು ಅಂದುಕೊಳ್ಳುತ್ತಾರೆ.

ಅಗಲ ನಿಬ್ಬು, ದಪ್ಪ ನಿಬ್ಬು ಅಂದರೆ ಬ್ರಾಡ್‌ನೊಂದಿಗೆ ಗೊಂದಲ. ಬ್ರಾಡ್ ಎಲ್ಲ ಕಡೆಗೂ ದಪ್ಪ. ಸ್ಟಬ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಪದ ಆರಿಸುವಾಗ ಇದನ್ನು ಬಿಟ್ಟುಕೊಡಬಾರದು.

ಉಳಿ ನನಗೆ ತುಂಬ ಇಷ್ಟವಾದ ಪದ. ಬಡಗಿಯ ಉಳಿಯ ಬಾಯಿ ನೇರ, ಅಗಲ. ‘ಉಳಿ ನಿಬ್ಬು’ ಅಂದರೆ ಆಕಾರ ಕಣ್ಣಿಗೆ ಕಟ್ಟುತ್ತದೆ. ಆದರೆ ಉಳಿ ಅಂದ ಮೇಲೆ ಹರಿತವೂ ಬಂದೇ ಬರುತ್ತದೆ. ಹಾಗಾಗಿ ಅದನ್ನು ಇಟಾಲಿಕ್‌ಗೆ ಮೀಸಲಿಟ್ಟು, ಸ್ಟಬ್‌ಗೆ ಚಪ್ಪಟೆ ನಿಬ್ಬು ಅನ್ನೋಣ ಅಂತ ನನ್ನ ಅಭಿಪ್ರಾಯ. ಉಳಿ ಚೂಪು, ಚಪ್ಪಟೆ ಮೆತ್ತಗೆ. ಜರ್ಮನಿಯ ಲ್ಯಾಮಿಯ 1.1, 1.5, 1.9 ನಿಬ್ಬುಗಳಿವೆಯಲ್ಲ, ಅವುಗಳ ಬಗ್ಗೆ ಮಾತಾಡುವಾಗಲೂ ಈ ಜೋಡಿ ಕೆಲಸಕ್ಕೆ ಬರುತ್ತದೆ. ಅವನ್ನು ಒಬ್ಬರು ಸ್ಟಬ್ ಅನ್ನುತ್ತಾರೆ, ಇನ್ನೊಬ್ಬರು ಇಟಾಲಿಕ್ ಅನ್ನುತ್ತಾರೆ. ನಮ್ಮಲ್ಲಿ ಬೆರಳಿಗೆ ಮೂಲೆ ತಾಗಿದರೆ ಉಳಿ, ತಾಗದಿದ್ದರೆ ಚಪ್ಪಟೆ ಅಂದರೆ ಮುಗಿಯಿತು.

ಕನ್ನಡ ಬರೆದು ನೋಡಿದರೆ ಚಪ್ಪಟೆ ಅನ್ನುವುದು ಇನ್ನೂ ಸರಿ ಅನ್ನಿಸುತ್ತದೆ. ಈ ನಿಬ್ಬಿನಲ್ಲಿ ರ ಬರೆಯಿರಿ. ಎಡಗಡೆಯ ಹೊಟ್ಟೆ ಇಳಿಯುವಾಗ ಗೆರೆ ತುಂಬಿಕೊಂಡು ಬರುತ್ತದೆ. ತಲೆಕಟ್ಟಿನ ತುದಿ ಮೇಲಕ್ಕೇರುವಾಗ ಕೂದಲೆಳೆಯಷ್ಟಾಗುತ್ತದೆ. ನಮ್ಮ ಅಕ್ಷರಗಳು ದುಂಡಗಿರುವುದರಿಂದ ಒಂದೇ ಅಕ್ಷರದೊಳಗೆ ದಪ್ಪ ತೆಳುವಾಗಿ, ತೆಳು ಮತ್ತೆ ದಪ್ಪವಾಗಿ ತಿರುಗುತ್ತದೆ. ಲ, ಅ, ಇ ಬರೆಯುವಾಗ ನೋಡಲು ಬಹಳ ಚೆಂದ. ತಾಳೆಗರಿಯ ಮೇಲೆ ಕಂಠ ಅನ್ನುವ ಕಬ್ಬಿಣದ ಲೇಖನಿಯಿಂದ ಕೊರೆದ ಗೆರೆಗೆ ಈ ಏರಿಳಿತ ಇರಲಿಲ್ಲ, ಬಾಲ್‌ಪೆನ್ನಿನ ಗೆರೆಗೂ ಇಲ್ಲ.

ಆದರೆ ಸಣ್ಣಗೆ ಬರೆಯುವವರು ಜೋಪಾನ. ಥ ಒಳಗಿನ ಚುಕ್ಕೆ, ಷ ಒಳಗಿನ ಅಡ್ಡಗೆರೆ ಮೊದಲು ಮುಚ್ಚಿಹೋಗುತ್ತವೆ. ರಥ ಅಂತ ಬರೆದರೆ ರಧ ಅಂತ ಓದಬಹುದು. ಒತ್ತಕ್ಷರಗಳ ಕಷ್ಟ ಬೇರೆ. ‘ಸ್ತ್ರೀ’, ‘ಲಕ್ಷ್ಮಿ’ ಅಂತ ಮಾಮೂಲಿ ನೋಟ್‌ಬುಕ್ಕಿನ ಗೆರೆಗಳ ನಡುವೆ ಬರೆದರೆ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಒಂದು ಸಾಲು ಬಿಟ್ಟು ಒಂದು ಸಾಲು ಬರೆಯುವುದೇ ವಾಸಿ. ಇಂಗ್ಲಿಷ್ ಬರೆಯುವವರು ಈ ನಿಬ್ಬನ್ನು ಹೊಗಳುವುದನ್ನು ಓದಿ ಕೊಳ್ಳುವವರಿಗೆ ಇದನ್ನು ಮೊದಲೇ ಹೇಳಬೇಕು ಅನ್ನಿಸುತ್ತದೆ.

ಇನ್ನು ಅನಿಸಿಕೆಯ ಮಾತುಗಳು. ಇಲ್ಲಿ ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ. ಸ್ಮೂತ್ ಅನ್ನುವುದಕ್ಕೆ ಕೆಲವರು ಬೆಣ್ಣೆಯಂತೆ ಅಂತ ಬರೆಯುತ್ತಾರೆ. ಅದು ಇಂಗ್ಲಿಷಿನ ಬೆಣ್ಣೆ. ನಮ್ಮಲ್ಲಿ ಪೆನ್ನು ‘ಓಡುತ್ತದೆ’, ‘ಸಲೀಸಾಗಿ ಬರೆಯುತ್ತದೆ’. ನುಣುಪು ಅನ್ನುವುದು ಮುಟ್ಟಿದಾಗ ಗೊತ್ತಾಗುವ ಮೈಯ ಗುಣ, ಸಲೀಸು ಅನ್ನುವುದು ಓಟದ ಗುಣ. ನಿಬ್ಬಿಗೆ ಎರಡನೆಯದು ಸರಿ. ನುಣುಪು ಕಾಗದದ ಮೇಲೆ ಪೆನ್ನು ‘ಜಾರುತ್ತದೆ’ ಅಂದರೆ ಅದು ದೂರು, ಹೊಗಳಿಕೆ ಅಲ್ಲ.

ಹಾಗೇ ಫೀಡ್‌ಬ್ಯಾಕ್. ಬರೆಯುವಾಗ ಕಾಗದದ ತರಿ ಬೆರಳಿಗೆ ಗೊತ್ತಾಗುವುದನ್ನು ಅನೇಕರು ಇಷ್ಟಪಡುತ್ತಾರೆ. ಅದಕ್ಕೆ ಪ್ರತಿಕ್ರಿಯೆ ಅಂತ ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ‘ಹಿಡಿತ ಇದೆ’ ಅಂದರೆ ಸಾಕು. ಅದೇ ಜಾಸ್ತಿಯಾಗಿ ಕಿರಿಕಿರಿ ಆದರೆ ‘ಕೆರೆಯುತ್ತದೆ’. ಚಪ್ಪಟೆ ನಿಬ್ಬನ್ನು ಸ್ವಲ್ಪ ಹೊರಳಿಸಿ ಹಿಡಿದರೆ ಒಂದು ಮೂಲೆ ಕಾಗದದಿಂದ ಎದ್ದುಬಿಡುತ್ತದೆ. ಆಗ ಗೆರೆಯ ಒಂದು ಅಂಚು ನೆಟ್ಟಗೆ ಮೂಡಿ ಇನ್ನೊಂದು ಹರಿದ ಹಾಗೆ ಆಗುತ್ತದೆ, ಇನ್ನೊಂದು ಮೂಲೆ ಕೆರೆಯಲು ಶುರು ಮಾಡುತ್ತದೆ. ಈ ಪೆನ್ನಿನ ಬಗ್ಗೆ ಬಂದ ದೂರುಗಳಲ್ಲಿ ಹೆಚ್ಚಿನವು ಇದೇ. ನಿಬ್ಬಿನ ತಪ್ಪಲ್ಲ, ಹಿಡಿಯುವ ರೀತಿ ಬೇರೆ ಆಗಬೇಕು ಅಷ್ಟೆ.

ವೆಟ್ ಅಂದರೆ ಒದ್ದೆ ಅಲ್ಲ, ‘ಇಂಕು ಜಾಸ್ತಿ ಬಿಡುತ್ತದೆ’. ಅಗಲ ತುದಿಗೆ ಇಂಕು ಬೇಕೇ ಬೇಕು, ಹಾಗಾಗಿ ಒಣಗಲೂ ಹೊತ್ತು ಹಿಡಿಯುತ್ತದೆ. ಅಗ್ಗದ ಕಾಗದದಲ್ಲಿ ಗೆರೆಯ ಅಂಚು ಒಡೆದು ಇಂಕು ‘ಹರಡುತ್ತದೆ’. ಕಾಗದದ ಹಿಂಬದಿಗೆ ತೂರಿದರೆ ‘ಇಳಿಯುತ್ತದೆ’, ಬರೀ ನೆರಳಿನಂತೆ ಕಂಡರೆ ‘ಹಿಂದೆ ಕಾಣುತ್ತದೆ’. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ಹೆಸರಿದೆ, ನಮ್ಮ ಕ್ರಿಯಾಪದಗಳೂ ಅಷ್ಟೇ ಚೊಕ್ಕವಾಗಿ ಬೇರೆ ಮಾಡಿ ತೋರಿಸುತ್ತವೆ. ಶೇಡಿಂಗ್‌ಗೆ ತಿಳಿ, ಕಡು ಇವೆ. ಒಂದೇ ಅಕ್ಷರದಲ್ಲಿ ತಿಳಿನೀಲಿ ಶುರುವಾಗಿ ಗೆರೆ ನಿಲ್ಲುವ ಕಡೆ ಇಂಕು ನಿಂತು ಕಡುನೀಲಿ ಆಗುವುದು ಈ ನಿಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ. ಗೆಳೆಯರಲ್ಲಿ ಹೆಚ್ಚಿನವರು ಮೆಚ್ಚಿದ್ದು ಇದನ್ನೇ.

ಲಿಮಿಟೆಡ್ ಎಡಿಷನ್ ಅನ್ನುವುದಕ್ಕೆ ‘ಸೀಮಿತ ಆವೃತ್ತಿ’ ಆಗಲೇ ಓಡಾಡುತ್ತಿದೆ. ನನಗೆ ಅದು ಒಪ್ಪಿಗೆ ಇಲ್ಲ. ಆವೃತ್ತಿ ಅಂದರೆ ಮರಳಿ ಬರುವುದು. ಪುಸ್ತಕಕ್ಕೆ ಎರಡನೇ ಆವೃತ್ತಿ ಬರುತ್ತದೆ. ಈ ಪೆನ್ನುಗಳ ಮಾತೇ ಬೇರೆ, ಮತ್ತೆ ಬರುವುದಿಲ್ಲ ಅನ್ನುವುದೇ ಇವುಗಳ ಬೆಲೆ. ಅದೂ ಅಲ್ಲದೆ ಇಲ್ಲಿ ಎರಡು ಬಗೆ ಇದೆ. ಮಾಂಟ್‌ಬ್ಲಾಂಕ್ ಅನ್ನುವ ಪೆನ್ನಿನ ಕಂಪನಿ 2009ರಲ್ಲಿ ಗಾಂಧೀಜಿ ಹೆಸರಿನಲ್ಲಿ ತಂದ ದುಬಾರಿ ಪೆನ್ನು ಒಟ್ಟು 241 ಮಾತ್ರ. ದಂಡಿ ಯಾತ್ರೆಯ 241 ಮೈಲಿಯ ಲೆಕ್ಕ ಅದು. ಇಂಥದ್ದಕ್ಕೆ ‘ಎಣಿಸಿ ಮಾಡಿದ ಪೆನ್ನು’ ಅನ್ನಬಹುದು. ಈಕೋದ ಬಣ್ಣಗಳು ಹಾಗಲ್ಲ. ಮೈಮೇಲೆ ಸಂಖ್ಯೆ ಇಲ್ಲ, ಸುಮ್ನೆ ಒಂದು ಬಣ್ಣ ಬರುತ್ತದೆ, ಖಾಲಿಯಾದ ಮೇಲೆ ಸಿಗುವುದಿಲ್ಲ. ಅದಕ್ಕೆ ‘ವಿಶೇಷ ಬಣ್ಣ’ ಅಂದರೆ ಸಾಕಲ್ಲವೇ? ಇದಕ್ಕಿಂತ ಚುಟುಕಾದ ಮಾತು ಇದ್ದರೆ ಹೇಳಿ.

ಇನ್ನೊಂದು ಉಳಿದಿದೆ. ನಿಬ್ಬಿನ ಅಡಿಯಲ್ಲಿ ಇಂಕನ್ನು ತುದಿಗೆ ತರುವ, ಸಣ್ಣ ಸಣ್ಣ ಸೀಳುಗಳಿರುವ ಕಪ್ಪು ಭಾಗ ಇರುತ್ತದಲ್ಲ, ಇಂಗ್ಲಿಷಿನಲ್ಲಿ ಫೀಡ್ ಅನ್ನುತ್ತಾರೆ. ಶಾಲೆಯಲ್ಲಿ ಇಂಕ್ ಪೆನ್ನಿನಲ್ಲೇ ಬರೆದು ಬೆಳೆದವರು, ಧಾರವಾಡದ ಕಡೆಯವರು, ಕರಾವಳಿಯವರು, ಮೈಸೂರಿನವರು, ಪೆನ್ನು ತೊಳೆಯುವಾಗ ಅದನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಿರಿ?