ರಾಯಣ್ಣನ ತಾರೀಖು ಮತ್ತು ‘ಅಜ್ಜನ ಮನಿ’ ಗುಂಪು

ಆಗಸ್ಟ್ 15ರ ಬೆಳಿಗ್ಗೆ, ನಮ್ಮ ‘ಅಜ್ಜನ ಮನಿ’ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಹೆಸರುಗಳನ್ನಷ್ಟೇ ಬದಲಿಸಿದ್ದೇನೆ.

*ಸುರೇಶ ಕಾಕಾ* (ಹಲವು ಬಾರಿ ಫಾರ್ವರ್ಡ್ ಆದದ್ದು): ನಿಮಗೆ ಗೊತ್ತೇ??? ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15. ಗಲ್ಲಿಗೇರಿದ್ದು 1831ರ ಜನವರಿ 26. ದಿಲ್ಲಿಯವರು ಸ್ವಾತಂತ್ರ್ಯಕ್ಕೂ ಗಣರಾಜ್ಯಕ್ಕೂ ಇವೇ ದಿನ ಆರಿಸಿದ್ದು ಇದಕ್ಕೇ! ಪಠ್ಯದಲ್ಲಿ ಮುಚ್ಚಿಟ್ಟರು! ನಿಜವಾದ ಕನ್ನಡಿಗರಾದರೆ 10 ಗುಂಪಿಗೆ ಕಳಿಸಿ.

*ರೇಖಾ ವೈನಿ*: 🙏🙏 ಮೈ ಝುಮ್ ಅಂತು

(ಫಾರ್ವರ್ಡ್ ಬಂದದ್ದು 7:02ಕ್ಕೆ, ವೈನಿಯ ಮೈ ಝುಮ್ ಅಂದದ್ದೂ 7:02ಕ್ಕೇ.)

*ವಿನಯ*: ಕಾಕಾ, ತಾರೀಖು ಕೂಡಿ ಬಂದಾವ, ಒಪ್ಪಿದೆ. ‘ಇದಕ್ಕೇ ಆರಿಸಿದ್ರು’ ಅನ್ನೂದಕ್ಕ ಆಧಾರ ಏನ್ರಿ? ಆಗಸ್ಟ್ 15 ಆರಿಸಿದಾಂವ ಮೌಂಟ್‌ಬ್ಯಾಟನ್, 1945ರಾಗ ಜಪಾನ್ ಶರಣಾದ ದಿನ ಅಂತ. ಜನವರಿ 26 ಅಂದ್ರ 1930ರಾಗ ಆಚರಿಸಿದ ಪೂರ್ಣ ಸ್ವರಾಜ್ಯ ದಿನ. ಸಂವಿಧಾನ 1949ರ ನವೆಂಬರ್ 26ಕ್ಕನ ಅಂಗೀಕಾರ ಆಗಿತ್ತು, ಆ ದಿನದ ಸಲುವಾಗಿ ಎರಡು ತಿಂಗಳು ಕಾದ್ರು.

*ಸುರೇಶ ಕಾಕಾ*: ಅಂದ್ರ ನೀ ರಾಯಣ್ಣಗ ವಿರೋಧ ಏನಪಾ?

*ವಿನಯ*: ಎಲ್ಲಿಂದೆಲ್ಲಿಗೆ ಹೋದ್ರಿ ಕಾಕಾ!

*ಸುರೇಶ ಕಾಕಾ*: ರಾಯಣ್ಣನ್ನ ಗಲ್ಲಿಗೇರಿಸಿದ ನಂದಗಡಕ್ಕ ಒಮ್ಮೆರೆ ಹೋಗಿಯೇನು? ಬೆಂಗಳೂರಿನ್ಯಾಗ ಕುಂತು ಆಧಾರ ಕೇಳತಾನ.

*ವಿನಯ*: ಹುಟ್ಟಿದ ವರ್ಷನ 1796 ಅನ್ನೋರೂ ಅದಾರ್ರಿ. ಆವಾಗ ಹಳ್ಳ್ಯಾಗ ಇಂಗ್ಲಿಷ್ ತಾರೀಖು ಯಾರು ಬರದಿಟ್ಟಿದ್ರು?

*ದೊಡ್ಡಪ್ಪ*: ಮಕ್ಕಳೇ, ಹಿರಿಯರ ಮುಂದೆ ಆಧಾರ ಕೇಳುವುದು ಸಂಸ್ಕಾರವಲ್ಲ. ನಮ್ಮ ಕಾಲದಲ್ಲಿ ಗುರುಗಳು ಹೇಳಿದರೆ ಮುಗಿಯಿತು. ಎಲ್ಲರೂ ಮೊಬೈಲ್ ಕೆಳಗಿಟ್ಟು ಧ್ವಜವಂದನೆಗೆ ಹೋಗಿರಿ.

(ಇದಾದ ಮೇಲೆ ದೊಡ್ಡಪ್ಪ ಮೊಬೈಲ್ ಕೆಳಗಿಡಲಿಲ್ಲ.)

*ವಿನಯ*: ದೊಡ್ಡಪ್ಪಾ, ಸಾಲಿ ದಾಖಲೆದಾಗ ನಿಮ್ಮ ಜನ್ಮ ತಾರೀಖು ಯಾವುದ್ರಿ?

*ದೊಡ್ಡಪ್ಪ*: ಜೂನ್ 1.

*ವಿನಯ*: ಸುರೇಶ ಕಾಕಾಂದು? ಸುಮಾ ಅತ್ತೀದು?

*ಸುಮಾ ಅತ್ತಿ*: ನಮ್ಮೆಲ್ಲಾರದೂ ಜೂನ್ 1 ನ. ಮಾಸ್ತರ ಕೇಳದನ ಬರಕೊಂಡಿದ್ರು. ಖರೇ ಅಂದ್ರ ನಾ ಹುಟ್ಟಿದ್ದು ಶೀಗಿ ಹುಣ್ಣಿಮಿ ಮರುದಿನ, ಅವ್ವ ಹೇಳತಿದ್ಲು.

*ಪ್ರಕಾಶ ಕಾಕಾ*: ಮಾಸ್ತರ ಅಂದಕೂಡ್ಲೆ ನೆನಪಾತು ನೋಡ್ರಿ. ಪ್ರಭಾತ ಫೇರಿ! ಹಿಂದಿನ ರಾತ್ರಿ ತಂಬಿಗ್ಯಾಗ ಕೆಂಡ ಹಾಕಿ ಅಂಗಿ ಇಸ್ತ್ರಿ ಮಾಡತಿದ್ವಿ. ಸುರ್ಯಾ ಅಂಗಿ ಸುಟಗೊಂಡು ನಂದು ಹಾಕ್ಕೊಂಡು ಹ್ವಾದ. ಇನ್ನೂ ತಿರುಗಿ ಕೊಟ್ಟಿಲ್ಲ.

*ಸುರೇಶ ಕಾಕಾ*: ಆ ಅಂಗಿ ನಂದ ಇತ್ತು.

(ಅಂಗಿಯ ಮೇಲೆ ಇಪ್ಪತ್ತು ಮೆಸೇಜು. ಬಿಟ್ಟಿದ್ದೇನೆ. ರಾಯಣ್ಣ ಆಗಲೇ ಮೇಲೆ ಸರಿದು ಕಾಣೆಯಾಗಿದ್ದ.)

*ವಿನಯ*: ವಿಷಯಕ್ಕ ಬರ್ರಿ. 23 ಮಂದಿ ಇದ್ರ ಸಾಕು, ಯಾರರೆ ಇಬ್ಬರ ಹುಟ್ಟುಹಬ್ಬ ಒಂದ ದಿನ ಬರೂ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಈ ಗುಂಪಿನ್ಯಾಗ 31 ಮಂದಿ, ಸುಮಾರು ಶೇ 73. ಹಂಗಾದ್ರ ಇತಿಹಾಸದಾಗ ಎಷ್ಟು ಕೂಡಿ ಬರಬಾರದು? ಆಗಸ್ಟ್ 15ಕ್ಕನ ಅರವಿಂದರು ಹುಟ್ಟಿದ್ದು (1872), ಇಸ್ರೋ ಶುರುವಾದದ್ದು (1969), ಪಿನ್‌ಕೋಡ್ ಬಂದದ್ದು (1972). ಭುಜ್ ಭೂಕಂಪ ಆದದ್ದು 2001ರ ಜನವರಿ 26ಕ್ಕ. ಅದನ್ನೂ ಯಾರರೆ ಆರಿಸಿದ್ರೇನು?

*ರೇಖಾ ವೈನಿ*: ಶೇ 73 ಖರೇ. ನಂದೂ ಡಲ್ಲಾಸ್ ಪಲ್ಲವೀದೂ ಮಾರ್ಚ್ 9. ಅಕಿಗೆ ಎಲ್ಲಾರೂ ಕೇಕು, ವಿಡಿಯೋ ಹಾಕಿದ್ರಿ. ನನಗ ಒಂದು ಹೂವಿನ ಚಿತ್ರಾನೂ ಇಲ್ಲ.

(ಮೂವರು ಟೈಪ್ ಮಾಡುತ್ತಿದ್ದರು. ಮೂವರೂ ನಿಲ್ಲಿಸಿದರು.)

*ಪಲ್ಲವಿ*: ವೈನಿ, ನಾ ಫೋನ್ ಮಾಡಿದ್ದೆ. ನೀವು ಎತ್ತಲಿಲ್ಲ.

*ರೇಖಾ ವೈನಿ*: ಮನಿ ತುಂಬ ಮಂದಿ ಇದ್ರು.

*ಸುಮಾ ಅತ್ತಿ*: ಇದು ಹುಟ್ಟುಹಬ್ಬದ ಸಿಟ್ಟಲ್ಲ. ಲಗ್ನದಾಗಿನ ಸೀರಿ ಸಿಟ್ಟು.

*ದೊಡ್ಡಪ್ಪ*: ಸ್ತ್ರೀಯರು ತಾಳ್ಮೆಯಿಂದಿರಬೇಕು.

*ಸುಮಾ ಅತ್ತಿ*: ಅಣ್ಣಾ, ನೀ ಸುಮ್ಮನಿರು.

*ಸುರೇಶ ಕಾಕಾ* (ಹಲವು ಬಾರಿ ಫಾರ್ವರ್ಡ್ ಆದದ್ದು): ಅಮೆರಿಕದ ವಿಸ್ಮಯ! ಅಧ್ಯಕ್ಷರಾಗಿದ್ದ ಆಡಮ್ಸ್, ಜೆಫರ್ಸನ್ ಇಬ್ಬರೂ ತೀರಿದ್ದು 1826ರ ಜುಲೈ 4ರಂದು. ಸ್ವಾತಂತ್ರ್ಯ ಘೋಷಣೆಯ ಸರಿಯಾಗಿ 50ನೇ ವರ್ಷ!

*ಸುರೇಶ ಕಾಕಾ*: ಪಲ್ಲವಿ, ನಿಮ್ಮ ಕಡೀದು ನೋಡವಾ. ಸಿಟ್ಟು ಬಿಡ್ರಿ.

*ವಿನಯ*: ಕಾಕಾ, ಇದು ಖರೇನ ಐತ್ರಿ.

*ಸುರೇಶ ಕಾಕಾ*: ನೀ ಒಪ್ಪಿದಿ ಅಂದ್ರ ನನಗ ಈಗ ಡೌಟು ಬಂತು ನೋಡು.