ಪದಚರ್ಚೆ: ಫೋರ್ಡ್ ‘ನಿಷ್ಠೆ’ಯೋ, ಫೋರ್ಡ್ ‘ಒಕ್ಕಲೋ’?

ಗೆಳೆಯರೆ,

ಅಮೆರಿಕದ ಮಸಲ್ ಕಾರುಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದ ವೇಗದ ಕಾರುಗಳಿವು; ‘ಮಸಲ್ ಕಾರ್’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ. ‘ಸ್ನಾಯು ಕಾರು’ ಎಂದು ಬರೆದರೆ ಓದುಗರು ಮೂಳೆ ವೈದ್ಯರ ವಿಳಾಸ ಕೇಳಿಯಾರು. ನನ್ನ ತೊಡಕು ಬೇರೆ. ಈ ಕಾರುಗಳನ್ನು ಹಚ್ಚಿಕೊಂಡವರಿಗೂ ಅವುಗಳ ಕಂಪನಿಗೂ ಇರುವ ನಂಟಿಗೆ ನಮ್ಮ ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಸಿಗುವ ಪದ ‘ಬ್ರ್ಯಾಂಡ್ ನಿಷ್ಠೆ’. ವರ್ಷಗಟ್ಟಲೆ ಒಂದೇ ಸೋಪು ಕೊಳ್ಳುವವರಿಗೆ ಅದು ಸಾಕು. ಇವರಿಗೆ ಸಾಲದು.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲ ಮೀರಿದ ಎಂಜಿನ್ ಕೂಡದು ಎಂಬುದು ಜನರಲ್ ಮೋಟಾರ್ಸ್‌ನ ಒಳನಿಯಮವಾಗಿತ್ತು. ಅದರ ಪಾಂಟಿಯಾಕ್ ವಿಭಾಗದಲ್ಲಿದ್ದ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು 1964ರ ಟೆಂಪೆಸ್ಟ್ ಕಾರಿಗೆ 389 ಘನ ಅಂಗುಲದ ಎಂಜಿನ್ನನ್ನು ‘ಬೇಕಿದ್ದವರಿಗೆ ಹೆಚ್ಚುವರಿ ಸಲಕರಣೆ’ ಎಂಬ ನೆಪದಲ್ಲಿ ತೂರಿಸಿಬಿಟ್ಟರು. ಅದೇ ಜಿಟಿಓ. ಅದೇ ವರ್ಷ ಏಪ್ರಿಲ್ 17ರಂದು ಫೋರ್ಡ್ ಕಂಪನಿ ಮಸ್ಟಾಂಗನ್ನು ಬಿಡುಗಡೆ ಮಾಡಿತು. ಕಟ್ಟಾ ಪಂಡಿತರನ್ನು ಕೇಳಿದರೆ ಮಸ್ಟಾಂಗ್ ಮಸಲ್ ಕಾರೇ ಅಲ್ಲ, ‘ಪೋನಿ ಕಾರ್’, ಅಂದರೆ ಅದಕ್ಕಿಂತ ಚಿಕ್ಕ ಗಾತ್ರದ ಸ್ಪೋರ್ಟಿ ಕಾರು. ಆ ವಿಂಗಡಣೆಯ ಜಗಳಕ್ಕೆ ನಾನು ಕೈ ಹಾಕುವುದಿಲ್ಲ. 1966ರಲ್ಲಿ ಜನರಲ್ ಮೋಟಾರ್ಸ್‌ನದೇ ಆದ ಷೆವರ್ಲೆ ಮಸ್ಟಾಂಗ್‌ಗೆ ಉತ್ತರವಾಗಿ ಕಮಾರೊ ಕಾರನ್ನು ಸಿದ್ಧಪಡಿಸಿತು. ಕಮಾರೊ ಎಂಬ ಹೆಸರಿನ ಅರ್ಥವೇನೆಂದು ಪತ್ರಕರ್ತರು ಕೇಳಿದಾಗ ಕಂಪನಿಯವರು ಕೊಟ್ಟ ಜವಾಬು ಹೆಸರುವಾಸಿ: ಅದು ಮಸ್ಟಾಂಗ್‌ಗಳನ್ನು ತಿನ್ನುವ ಪುಟ್ಟ, ಕ್ರೂರ ಪ್ರಾಣಿ.

ಇನ್ನು ಪದಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಈ ಮಂದಿ ‘ನನಗೆ ಫೋರ್ಡ್ ಇಷ್ಟ’ ಎನ್ನುವುದಕ್ಕಿಂತ ‘ನಮ್ಮದು ಫೋರ್ಡ್ ಮನೆತನ’ ಎನ್ನುವುದೇ ಹೆಚ್ಚು. ಅಜ್ಜ ಓಡಿಸಿದ್ದನ್ನು ಅಪ್ಪ, ಅಪ್ಪ ಓಡಿಸಿದ್ದನ್ನು ಮಗ. ಆಯ್ಕೆಯ ಮಾತೇ ಇಲ್ಲ. ‘ನಿಷ್ಠೆ’ ಎಂದರೆ ಒಬ್ಬ ವ್ಯಕ್ತಿ ತಾನಾಗಿ ಹೊತ್ತ ವ್ರತದ ಹಾಗೆ ಕೇಳುತ್ತದೆ. ‘ಅಭಿಮಾನ’ ಎಂದೊಡನೆ ಚಿತ್ರನಟರ ಕಟೌಟಿಗೆ ಹಾಲೆರೆಯುವವರು ಕಣ್ಣ ಮುಂದೆ ಬರುತ್ತಾರೆ. ನನಗೆ ಹೊಳೆದ ಪದ ‘ಒಕ್ಕಲು’. ಗೇಣಿದಾರ ಎಂಬ ಅರ್ಥದಲ್ಲಿ ಅಲ್ಲ. ‘ನಾವು ಮೈಲಾರಲಿಂಗನ ಒಕ್ಕಲು’ ಎನ್ನುತ್ತೇವಲ್ಲ, ಆ ಅರ್ಥದಲ್ಲಿ. ದೇವರನ್ನು ನಾವು ಆರಿಸಿಕೊಂಡಿಲ್ಲ, ಆ ದೇವರ ಮನೆತನದಲ್ಲಿ ಹುಟ್ಟಿದ್ದೇವೆ. ಇದರ ಜೊತೆಗೆ ‘ನಡೆದುಕೊಳ್ಳುವುದು’ ಎಂಬ ಕ್ರಿಯಾಪದವೂ ಪುಕ್ಕಟೆಯಾಗಿ ಸಿಗುತ್ತದೆ: ಅವರು ಷೆವರ್ಲೆಗೆ ನಡೆದುಕೊಳ್ಳುವವರು.

ಪದ ಹಿಗ್ಗಿಸಿದೆನೇ ಎಂಬ ಅನುಮಾನ ಬಂದಾಗಲೆಲ್ಲ ಓಲ್ಡ್ಸ್‌ಮೊಬಿಲ್ ಪ್ರಕರಣ ನನಗೆ ಧೈರ್ಯ ಕೊಡುತ್ತದೆ. ಓಲ್ಡ್ಸ್‌ಮೊಬಿಲ್, ಷೆವರ್ಲೆ ಎರಡೂ ಜನರಲ್ ಮೋಟಾರ್ಸ್‌ನವೇ. ಆದರೆ ಓಲ್ಡ್ಸ್‌ಮೊಬಿಲ್ ತನ್ನ ‘ರಾಕೆಟ್’ ಎಂಜಿನ್ನಿನ ಹೆಸರು ಹೇಳಿಕೊಂಡೇ ದಶಕಗಳ ಕಾಲ ಬಾಳಿತ್ತು. 1977ರ ಮಾದರಿಗಳಲ್ಲಿ ಕಂಪನಿ ಸದ್ದಿಲ್ಲದೆ ಹಲವು ಓಲ್ಡ್ಸ್‌ಮೊಬಿಲ್‌ಗಳಿಗೆ ಷೆವರ್ಲೆ ಎಂಜಿನ್ ಕೂರಿಸಿತು. ಎರಡೂ 350 ಘನ ಅಂಗುಲದವೇ, ಕಾಗದದ ಮೇಲೆ ವ್ಯತ್ಯಾಸವೇ ಇಲ್ಲ. ಗ್ರಾಹಕನೊಬ್ಬ ದುರಸ್ತಿಗೆ ಬಿಟ್ಟಾಗ ಓಲ್ಡ್ಸ್‌ಮೊಬಿಲ್‌ನ ಬೆಲ್ಟು, ಆಯಿಲ್ ಫಿಲ್ಟರ್ ಹೊಂದಲಿಲ್ಲ; ಗುಟ್ಟು ರಟ್ಟಾಯಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ ಕಂಪನಿ ಪರಿಹಾರ ಕೊಟ್ಟು ರಾಜಿಯಾಯಿತು. ಆ ಕಾರುಗಳಿಗೆ ‘ಷೆವಿಮೊಬಿಲ್’ ಎಂಬ ಅಡ್ಡಹೆಸರು ಅಂಟಿತು. ಎಂಜಿನ್ ಕೆಟ್ಟಿದ್ದರಿಂದ ಎದ್ದ ಜಗಳವಲ್ಲ ಅದು. ಕುಲ ಕೆಟ್ಟಿತೆಂಬ ಜಗಳ.

ಇಂದಿಗೂ ಹಾಗೆಯೇ. ಜನರಲ್ ಮೋಟಾರ್ಸ್‌ನ ಎಲ್‌ಎಸ್ ಎಂಜಿನ್ ಅಗಲದಲ್ಲಿ ಕಿರಿದು, ಅಗ್ಗ, ಗಟ್ಟಿ. ಆದ್ದರಿಂದ ಅದನ್ನು ತಂದು ಮಸ್ಟಾಂಗ್‌ನಲ್ಲಿ ಕೂರಿಸುವವರೂ ಇದ್ದಾರೆ. ಪ್ರದರ್ಶನದಲ್ಲಿ ಅಂಥವನು ಬಾನೆಟ್ ಎತ್ತಿದ ಕೂಡಲೇ, ಎಲ್‌ಎಸ್‌ನ ಗುರುತಾದ, ವಾಲ್ವ್ ಕವರುಗಳ ಮೇಲೆ ಸಾಲಾಗಿ ಕೂತ ಕಾಯಿಲ್‌ಗಳನ್ನು ಕಂಡವರು ಮುಖ ಸಿಂಡರಿಸುತ್ತಾರೆ. ‘ಕುಲಗೆಡಿಸು’ ಎಂಬ ಮಾತನ್ನು ಇಲ್ಲಿ ಬಳಸಲು ಮನಸ್ಸಾಗುತ್ತದೆ, ಆದರೆ ನಮ್ಮ ಸಮಾಜದಲ್ಲಿ ಅದಕ್ಕಿರುವ ಭಾರ ನೆನೆದು ಹಿಂಜರಿಯುತ್ತೇನೆ. ಹಗುರವಾದ ಪದವಿದ್ದರೆ ತಿಳಿಸಿ.

ಎರಡನೆಯ ತೊಡಕು ಪೈಪೋಟಿಯದು. ‘ಸ್ಪರ್ಧೆ’ ಎಂದರೆ ಶಾಲಾ ವಾರ್ಷಿಕೋತ್ಸವದ ವಾಸನೆ. ಫೋರ್ಡ್–ಷೆವರ್ಲೆ ನಡುವಿನದು ‘ಜಿದ್ದು’ ಎನ್ನುವುದು ನನ್ನ ತೀರ್ಮಾನ. ಟ್ರಾನ್ಸ್-ಆಮ್ ರೇಸಿನಲ್ಲಿ 1968 ಮತ್ತು 1969ರ ಪ್ರಶಸ್ತಿ ಕಮಾರೊಗೆ, 1970ರದು ಮಸ್ಟಾಂಗ್‌ಗೆ: ಇದು ಜಿದ್ದಿನ ಲೆಕ್ಕ. ಆದರೆ ಕಮಾರೊ ಮತ್ತು ಪಾಂಟಿಯಾಕ್ ಫೈರ್‌ಬರ್ಡ್ ಒಂದೇ ಚೌಕಟ್ಟಿನ ಮೇಲೆ, ಒಂದೇ ಕಂಪನಿ ಕಟ್ಟಿದ ಕಾರುಗಳು. ಆ ಎರಡರ ಕಡೆಯವರು ಕಚ್ಚಾಡುವುದಕ್ಕೆ ‘ದಾಯಾದಿ ಮತ್ಸರ’ ಎನ್ನದೆ ಬೇರೆ ದಾರಿಯೇ ಕಾಣುವುದಿಲ್ಲ.

ಮೂರನೆಯದು, ಬೈಗುಳ. ಎದುರಾಳಿ ಕಂಪನಿಯ ಲಾಂಛನದ ಮೇಲೆ ಚಿಕ್ಕ ಹುಡುಗನೊಬ್ಬ ಮೂತ್ರ ಮಾಡುತ್ತಿರುವ ಚಿತ್ರವನ್ನು ಹಿಂಗಾಜಿಗೆ ಅಂಟಿಸಿಕೊಳ್ಳುವವರು ಇದ್ದಾರೆ. ಅದಕ್ಕಿಂತ ನಾಜೂಕಾದದ್ದು ಹೆಸರಿನ ಅಕ್ಷರ ಬಿಡಿಸುವ ಆಟ. ಫೋರ್ಡ್ ಎಂದರೆ ‘ಫೌಂಡ್ ಆನ್ ರೋಡ್ ಡೆಡ್’, ಅಂದರೆ ರಸ್ತೆಯಲ್ಲಿ ಸತ್ತು ಸಿಕ್ಕಿದ್ದು. ಫೋರ್ಡ್ ಕಡೆಯವರ ಎದುರೇಟು: ‘ಫಸ್ಟ್ ಆನ್ ರೇಸ್ ಡೇ’, ರೇಸಿನ ದಿನ ಎಲ್ಲರಿಗಿಂತ ಮುಂದೆ. ಇದನ್ನು ಕನ್ನಡಕ್ಕೆ ತರುವುದು ಕಷ್ಟ, ಏಕೆಂದರೆ ನಮ್ಮ ಲಿಪಿಯಲ್ಲಿ ‘ಫೋರ್ಡ್’ ಎರಡೇ ಅಕ್ಷರ. ಕ್ರೈಸ್ಲರ್ ಪಂಗಡದವರು ಪ್ರಾಸ ಹೊಸೆಯುತ್ತಾರೆ: ‘ಮೊಪಾರ್ ಆರ್ ನೋ ಕಾರ್’, ಅಂದರೆ ಮೊಪಾರ್ ಇಲ್ಲದಿದ್ದರೆ ಕಾರೇ ಬೇಡ. ಮೊಪಾರ್ ಎಂಬುದು ‘ಮೋಟಾರ್ ಪಾರ್ಟ್ಸ್’ ಎಂಬುದರ ಮೊಟಕು. 1937ರಲ್ಲಿ ಅದು ರೇಡಿಯೇಟರಿಗೆ ಹಾಕುವ ದ್ರಾವಣದ ಹೆಸರಾಗಿತ್ತು, ಈಗ ಕ್ರೈಸ್ಲರ್ ಕಂಪನಿಯವೇ ಆದ ಡಾಜ್, ಪ್ಲಿಮತ್, ಕ್ರೈಸ್ಲರ್ ಮೂರಕ್ಕೂ ನಡೆದುಕೊಳ್ಳುವವರ ಒಟ್ಟು ಹೆಸರು. ಈ ಚುಚ್ಚುಮಾತುಗಳಿಗೆಲ್ಲ ‘ಮೂದಲಿಕೆ’ ಎಂಬ ಹಳೆಯ ಪದವನ್ನೇ ಇಡುತ್ತಿದ್ದೇನೆ. ನಮ್ಮ ಯುದ್ಧವರ್ಣನೆಗಳಲ್ಲಿ ಬಾಣ ಹೂಡುವ ಮೊದಲು ವೀರರು ಮಾಡುವ ಕೆಲಸವೂ ಅದೇ. ಪ್ರಾಸ ಕೆಡದಂತೆ ಮೊಪಾರ್ ಘೋಷಣೆಯನ್ನು ಕನ್ನಡಿಸಬಲ್ಲವರಿದ್ದರೆ ಲೇಖನದಲ್ಲಿ ಕೃತಜ್ಞತೆ ಖಂಡಿತ.

‘ಒಕ್ಕಲು’ ಪದಕ್ಕೆ ಬರಬಹುದಾದ ಆಕ್ಷೇಪ ನನಗೆ ಗೊತ್ತು: ಇಂದಿನ ಓದುಗರಿಗೆ ಮೊದಲು ಕೇಳುವುದು ಒಕ್ಕಲುತನ, ಒಕ್ಕಲೆಬ್ಬಿಸುವುದು. ಅಡಿಟಿಪ್ಪಣಿ ಹಾಕದೆ ಅರ್ಥವಾದೀತೇ? ಪ್ಲಿಮತ್ 2001ರಲ್ಲಿ, ಓಲ್ಡ್ಸ್‌ಮೊಬಿಲ್ 2004ರಲ್ಲಿ, ಪಾಂಟಿಯಾಕ್ 2010ರಲ್ಲಿ ಮುಚ್ಚಿಹೋದರೂ ಅವುಗಳ ಕೂಟಗಳು ನಡೆದೇ ಇವೆ. ಇದನ್ನು ವಿವರಿಸಲು ‘ನಿಷ್ಠಾವಂತ ಗ್ರಾಹಕ’ ಎಂಬ ಮಾತು ಏನೇನೂ ಸಾಲದು. ಕೊಳ್ಳಲು ಹೊಸ ಕಾರೇ ಇಲ್ಲದ ಮೇಲೆ ಎಂಥ ಗ್ರಾಹಕ?

ಕೊನೆಯದಾಗಿ ನಿಜಕ್ಕೂ ಉತ್ತರ ಬೇಕಿರುವ ಪ್ರಶ್ನೆ. ರೇಸ್ ಚಾಲಕ ರಿಚರ್ಡ್ ಪೆಟ್ಟಿ ಪ್ಲಿಮತ್‌ನ ಮನೆಮಗನಂತಿದ್ದವರು. ಡಾಜ್‌ಗೆ ಸಿಕ್ಕಷ್ಟು ಗಾಳಿ ಸೀಳುವ ಕಾರು ತಮಗೆ ಸಿಗಲಿಲ್ಲವೆಂದು 1969ರಲ್ಲಿ ಫೋರ್ಡ್‌ಗೆ ಹೋದರು. ಅವರನ್ನು ಮರಳಿ ಕರೆತರುವುದೂ ಒಂದು ಉದ್ದೇಶವಾಗಿ ಪ್ಲಿಮತ್ ಚೂಪು ಮೂತಿಯ, ಬೆನ್ನ ಮೇಲೆ ಎತ್ತರದ ರೆಕ್ಕೆಯ ಸೂಪರ್‌ಬರ್ಡ್ ಕಟ್ಟಿತು; 1970ರಲ್ಲಿ ಅವರು ಹಿಂತಿರುಗಿದರು. ‘ಪಕ್ಷಾಂತರ’ ಎಂದರೆ ವಿಧಾನಸೌಧ ನೆನಪಾಗುತ್ತದೆ. ಮನೆದೇವರನ್ನು ಬಿಟ್ಟು ಬೇರೆ ದೇವರಿಗೆ ನಡೆದುಕೊಂಡು, ಮತ್ತೆ ಮೊದಲಿನ ದೇವರಿಗೇ ಬಂದ ಮನೆತನದವರನ್ನು ನಿಮ್ಮ ಸೀಮೆಯಲ್ಲಿ ಏನೆಂದು ಕರೆಯುತ್ತಾರೆ? ಊರಿನ ಹೆಸರು ಸಹಿತ ಬರೆದರೆ ಉಪಕಾರ.