24 ಕೆ.ಜಿ. ಗಾಂಜಾ, 10 ವರ್ಷ ಸಜೆ: ಹೈಕೋರ್ಟಿಗೆ ಅಪೀಲು ಹಾಕುವಾಗ ಯಾವುದರ ಮೇಲೆ ಒತ್ತು ಕೊಡಬೇಕು?

ಕರಿಕೋಟು:
ಬಸ್ಸಿನಲ್ಲಿ ಸಿಕ್ಕ ಎರಡು ಚೀಲ, 24 ಕೆ.ಜಿ. ಗಾಂಜಾ. ಬಳ್ಳಾರಿಯ ವಿಶೇಷ ನ್ಯಾಯಾಲಯ 10 ವರ್ಷ ಸಜೆ, 1 ಲಕ್ಷ ದಂಡ ವಿಧಿಸಿದೆ ಎಂದಿಟ್ಟುಕೊಳ್ಳಿ. ತೀರ್ಪು ಬಂದು 50 ದಿನ. ಅಪೀಲಿಗೆ ಇನ್ನೂ ಸಮಯವಿದೆಯೇ? ಬಡವ, ಮೊದಲ ಅಪರಾಧ ಎಂದು ಶಿಕ್ಷೆ ಇಳಿಸಲು ಕೇಳುವುದು, ಮಾದಕವಸ್ತು ಕಾಯ್ದೆಯ (ಎನ್‌ಡಿಪಿಎಸ್) ಕಲಂ 50, ಅಂದರೆ ಶೋಧನೆಗೆ ಮುನ್ನ ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟರ ಮುಂದೆ ಶೋಧನೆ ಕೇಳುವ ಹಕ್ಕು ತಿಳಿಸಬೇಕೆಂಬ ನಿಯಮ, ಪಾಲಿಸಿಲ್ಲ ಎನ್ನುವುದು, ಇವೆರಡೇ ಸಾಕೇ?

ಹಳೇ ಫೈಲು:
ಬಳ್ಳಾರಿ ಜಿಲ್ಲೆ ಧಾರವಾಡ ಪೀಠಕ್ಕೆ ಬರುತ್ತದೆ, ಬೆಂಗಳೂರಿಗೆ ಓಡಬೇಡಿ. ಶಿಕ್ಷೆಯ ಆದೇಶದಿಂದ 60 ದಿನ. ದೃಢೀಕೃತ ಪ್ರತಿ ತಯಾರಾಗಲು ಹಿಡಿದ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಪ್ರತಿ ಸಿದ್ಧವಾದ ಮೇಲೆ ತರಲು ಹೋಗದೆ ಕಳೆದ ದಿನಗಳು ನಿಮ್ಮ ತಲೆಗೇ. ತಡವಾದರೆ ಕಾಲಮಿತಿ ಕಾಯ್ದೆಯ ಕಲಂ 5ರಡಿ ಅರ್ಜಿ, ಜೊತೆಗೆ ತಡದ ಕಾರಣ ಹೇಳುವ ಪ್ರಮಾಣಪತ್ರ (ಅಫಿಡವಿಟ್). ವಕೀಲರಿಗೆ ದುಡ್ಡಿಲ್ಲವೆ? ಜೈಲು ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು. ಬಂಧನದಲ್ಲಿರುವವನಿಗೆ ಉಚಿತ ಕಾನೂನು ನೆರವಿಗೆ ಆದಾಯದ ಮಿತಿಯೂ ಅಡ್ಡ ಬರುವುದಿಲ್ಲ.

ಮಹಜರು:
ಎರಡೂ ಸಾಲದು. ಗಾಂಜಾ 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ. 10 ವರ್ಷ, 1 ಲಕ್ಷ ಅಲ್ಲಿ ಕನಿಷ್ಠ ಶಿಕ್ಷೆ. ಅದಕ್ಕಿಂತ ಕೆಳಗಿಳಿಸಲು ಹೈಕೋರ್ಟಿನ ಕೈಯಲ್ಲೂ ಇಲ್ಲ, ಕನಿಕರದ ಮಾತು ವ್ಯರ್ಥ. ಕಲಂ 50 ಮೈ ಶೋಧನೆಗೆ ಮಾತ್ರ. ಚೀಲಕ್ಕೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2005ರ ಪವನ್ ಕುಮಾರ್ ಪ್ರಕರಣದಲ್ಲೇ ಹೇಳಿದೆ.

ನಿಮ್ಮ ಜೀವ ಇರುವುದು 20ರ ಮೇಲಿನ ಆ 4 ಕೆ.ಜಿ.ಯಲ್ಲಿ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಅಲ್ಲ. ಮಹಜರಿನಲ್ಲಿ 'ಎಲೆ, ಕಾಂಡ, ಬೀಜ ಸಹಿತ' ಎಂದಿದೆಯೇ? ಗೋಣಿಚೀಲ ಸೇರಿಸಿ ತೂಗಿದರೇ? ತೂಕದ ಯಂತ್ರ ತಂದವನು ಸಾಕ್ಷಿ ಹೇಳಿದ್ದಾನೆಯೇ? ತೂಕ 20ಕ್ಕಿಂತ ಕೆಳಗಿಳಿದರೆ ಕನಿಷ್ಠ ಶಿಕ್ಷೆಯೇ ಇಲ್ಲ, 10 ವರ್ಷ ಗರಿಷ್ಠ. ಮಿಶ್ರಣದಲ್ಲಿ ಬೆರೆತ ಬೇರೆ ವಸ್ತುವಿನ ತೂಕವೂ ಸೇರುತ್ತದೆ ಎನ್ನುವ 2020ರ ಹೀರಾ ಸಿಂಗ್ ತೀರ್ಪನ್ನು ಸರ್ಕಾರಿ ವಕೀಲರು ಎತ್ತಿಯೇ ಎತ್ತುತ್ತಾರೆ, ಉತ್ತರ ಸಿದ್ಧವಿರಲಿ.

ಆಮೇಲೆ ಮಾದರಿಯ ಹಾದಿ: ಜಪ್ತಿ, ಠಾಣೆಯ ಮುದ್ದೆಮಾಲು (ಜಪ್ತಿ ಮಾಲಿನ) ರಿಜಿಸ್ಟರ್, ಮ್ಯಾಜಿಸ್ಟ್ರೇಟರ ಮುಂದೆ ಮಾದರಿ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ). ನಾಲ್ಕರಲ್ಲೂ ಮೊಹರಿನ ಅಕ್ಷರ, ತಾರೀಖು ಒಂದೊಂದಾಗಿ ತಾಳೆ ನೋಡಿ. ಮ್ಯಾಜಿಸ್ಟ್ರೇಟರ ಮುಂದೆ ಮಾದರಿ ತೆಗೆಯಬೇಕೆನ್ನುವ ಕಲಂ 52ಎ ತಪ್ಪಿತು ಎಂದಷ್ಟೇ ಬರೆದರೆ ಗೆಲ್ಲುವುದಿಲ್ಲ. 2025ರ ಭರತ್ ಆಂಬಳೆ ತೀರ್ಪಿನ ನಂತರ, ಆ ತಪ್ಪಿನಿಂದ ಜಪ್ತಿಯ ಮೇಲೇ ಅನುಮಾನ ಬರುತ್ತದೆ ಎಂದು ತೋರಿಸಬೇಕು.

ಕರಿಕೋಟು:
ಅಪೀಲು ಮುಗಿಯುವವರೆಗೆ ಜಾಮೀನು? ಈ ಕಾಯ್ದೆಯಡಿ ಶಿಕ್ಷೆ ಅಮಾನತಿನಲ್ಲಿಡಬಾರದು ಎನ್ನುವ ಕಲಂ 32ಎ ಅಡ್ಡಿಯಲ್ಲವೇ?

ಹಳೇ ಫೈಲು:
2000ದ ದಾದು ತೀರ್ಪಿನ ಮೇಲೆ ಅಲ್ಲ. ಶಿಕ್ಷೆ ಅಮಾನತಿನಲ್ಲಿಡುವ ಅಧಿಕಾರ ಹೈಕೋರ್ಟಿಗಿದೆ. ಆದರೆ ಕಲಂ 37ರ ಎರಡು ಷರತ್ತು ದಾಟಬೇಕು: ತಪ್ಪಿತಸ್ಥನಲ್ಲ ಎಂದು ನಂಬಲು ಆಧಾರ, ಹೊರಬಂದರೆ ಮತ್ತೆ ಅಪರಾಧ ಮಾಡಲಾರ ಎಂಬ ಸಮಾಧಾನ. ಬಿಎನ್‌ಎಸ್‌ಎಸ್ ಕಲಂ 430ರಡಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 389) ಅರ್ಜಿಯನ್ನು ಅಪೀಲಿನ ಜೊತೆಗೇ ಹಾಕಿ. ತೂಕದ ವ್ಯತ್ಯಾಸ ಅದರ ಮೊದಲ ಪುಟದಲ್ಲೇ ಕಾಣಲಿ. ವಿಚಾರಣೆಯ ಕಾಲವೂ ಸೇರಿ ಎಷ್ಟು ದಿನ ಒಳಗಿದ್ದ ಎಂಬ ಜೈಲಿನ ಪ್ರಮಾಣಪತ್ರ ಲಗತ್ತಿಸಿ, ದಂಡ ವಸೂಲಿಗೂ ತಡೆ ಕೇಳಿ.